ನೀರು, ಊಟ, ಟಾಯ್ಲೆಟ್: ಭಾಷೆ ಅಂದ್ರೆ ಇಷ್ಟೇನಾ?

ಹಲಸೂರಿನಿಂದ ಮಾತಾಡ್ತಿದ್ದೀನಿ. ಇಲ್ಲಿಂದ ಮೆಟ್ರೋದಲ್ಲಿ ಒಂದೇ ಸ್ಟೇಷನ್ ಆಚೆ ಇಂದಿರಾನಗರ. 1982ರಲ್ಲಿ ಶುರುವಾದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇರೋದು ಅಲ್ಲೇ. ಸೆರೆಬ್ರಲ್ ಪಾಲ್ಸಿ ಇರುವ ಕೆಲವು ಮಕ್ಕಳಿಗೆ ಮಾತು ಅರ್ಥ ಆಗುತ್ತೆ, ಬಾಯಿಂದ ಹೊರಡಲ್ಲ. ಅಂಥವರು ಚಿತ್ರದ ಬೋರ್ಡೋ ಟ್ಯಾಬೋ ಮುಟ್ಟಿ ಮಾತಾಡಬಹುದು.

ಈ ಬೋರ್ಡ್‌ನ ಹಿಂದಿನ ಕಥೆ ಹುಡುಕಿದಾಗ ನನಗೆ ಸಿಕ್ಕಿದ್ದು ಚಾರ್ಲ್ಸ್ ಬ್ಲಿಸ್. ನಾಜಿ ಕ್ಯಾಂಪಿನಿಂದ ಬಿಡುಗಡೆಯಾಗಿ ಶಾಂಘೈ ಸೇರಿದವರು. ಅಲ್ಲಿ ಚೀನೀ ಲಿಪಿ ನೋಡಿ, ಇಡೀ ಜಗತ್ತಿಗೇ ಒಂದು ಚಿಹ್ನೆಗಳ ಭಾಷೆ ಕಟ್ಟಿ 1949ರಲ್ಲಿ ಪುಸ್ತಕ ತಂದರು. ಹೆಚ್ಚಿನವರು ಕ್ಯಾರೇ ಅನ್ನಲಿಲ್ಲ. 1971ರಲ್ಲಿ ಟೊರಾಂಟೊದ ಟೀಚರ್ ಶರ್ಲಿ ಮೆಕ್‌ನಾಟನ್ ಮತ್ತು ತಂಡದವರು ಅದನ್ನು ಮಾತು ಹೊರಡದ ಮಕ್ಕಳ ಮುಂದಿಟ್ಟರು. ಮಕ್ಕಳು ಚಿಹ್ನೆ ಜೋಡಿಸಿ ವಾಕ್ಯವನ್ನೇ ಕಟ್ಟಿದರು! ಮಕ್ಕಳಿಗೆ ತಕ್ಕಂತೆ ಚಿಹ್ನೆ ಬದಲಿಸಿದ್ದಕ್ಕೆ ಬ್ಲಿಸ್ ಜಗಳಕ್ಕೇ ನಿಂತರು. ಆದರೆ ಭಾಷೆ ಬಳಸೋರದ್ದು, ಅಲ್ವಾ?

ಕನ್ನಡದಲ್ಲಿ ಇನ್ನೊಂದು ತೊಡಕು. ಮಗು ‘ಅಮ್ಮ’ ಚಿತ್ರ ಮುಟ್ಟಿದರೆ ಅದು ಅಮ್ಮನಿಗಾ, ಅಮ್ಮನ ಜೊತೆಗಾ? ಚಿತ್ರಕ್ಕೆ ವಿಭಕ್ತಿ ಇಲ್ಲ. ಅದಕ್ಕೇ ಬೋರ್ಡ್‌ನಲ್ಲಿ ಬರೀ ವಸ್ತುಗಳ ಹೆಸರು ಸಾಲದು. ‘ಜೊತೆ’, ‘ಬೇಡ’, ‘ಯಾಕೆ’, ‘ನಿನ್ನೆ’ ಕೂಡ ಬೇಕು. ಟೀಚರೂ ಮಾತಾಡ್ತಾ ಅವೇ ಚಿತ್ರ ಮುಟ್ಟಿ ತೋರಿಸಬೇಕು. ನಾವು ಮಾತು ಕಲಿತಿದ್ದು ಬೇರೆಯವರು ಆಡೋದನ್ನ ಕೇಳಿ ತಾನೆ? ಈ ಮಕ್ಕಳ ಭಾಷೆಯನ್ನ ಅವರೆದುರು ಯಾರಾದ್ರೂ ಆಡಬೇಕಲ್ಲ!

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನೂ ಸಂವಹನ ಅಂತಲೇ ಒಪ್ಪಿದೆ. ನೀರು ಕೇಳೋಕಷ್ಟೇ ಅಲ್ಲ, ‘ನಂಗಿದು ಇಷ್ಟ ಇಲ್ಲ’ ಅನ್ನೋಕೂ ಮಗುವಿನ ಬೆರಳಿಗೆ ಪದ ಸಿಗಬೇಕು.