ಆನಂದರಂಗ ಪಿಳ್ಳೆಯ ದಿನಚರಿ: ಯುದ್ಧಕಾಲದ ಆಕರವಾಗಿ ಅದರ ಮೌಲ್ಯ

ಯುದ್ಧಗಳ ಇತಿಹಾಸಕ್ಕೆ ಸಾಮಾನ್ಯವಾಗಿ ದೊರೆಯುವ ಆಕರಗಳೆಂದರೆ ಸೇನಾನಿಗಳ ವರದಿಗಳು, ಒಪ್ಪಂದಗಳು ಹಾಗೂ ಕಂಪನಿಗಳ ಪತ್ರವ್ಯವಹಾರ. ಇವುಗಳಲ್ಲಿ ಹೆಚ್ಚಿನವು ಘಟನೆ ಮುಗಿದ ಬಳಿಕ ಮೇಲಧಿಕಾರಿಗಳಿಗೆ ಸಮಜಾಯಿಷಿ ನೀಡಲು ಬರೆದವು. ಫಲಿತಾಂಶ ತಿಳಿಯುವ ಮೊದಲೇ ಅಂದಂದಿನ ಸುದ್ದಿಯನ್ನು ದಾಖಲಿಸಿದ ಬರಹಗಳು ವಿರಳ. ಕರ್ನಾಟಿಕ್ ಯುದ್ಧಗಳ ಮಟ್ಟಿಗೆ ಅಂತಹ ಆಕರವೆಂದರೆ ಪಾಂಡಿಚೇರಿಯ ಆನಂದರಂಗ ಪಿಳ್ಳೆಯ (1709–1761) ತಮಿಳು ದಿನಚರಿ.

ವರ್ತಕನಾಗಿದ್ದ ಪಿಳ್ಳೆಯು ಗವರ್ನರ್ ಡೂಪ್ಲೆಯ ಕಾಲದಲ್ಲಿ ಫ್ರೆಂಚರ ಮುಖ್ಯ ದುಭಾಷಿಯಾದನು. 1736ರ ಸೆಪ್ಟೆಂಬರಿನಲ್ಲಿ ಆರಂಭವಾದ ಈ ಬರಹ, ನಡುನಡುವೆ ಲೋಪಗಳಿದ್ದರೂ, ಅವನ ಕೊನೆಗಾಲದವರೆಗೆ ಸಾಗಿತು. 1846ರಲ್ಲಿ ಬೆಳಕಿಗೆ ಬಂದ ಇದರ ಇಂಗ್ಲಿಷ್ ಅನುವಾದವು 1904ರಿಂದ 1928ರ ಅವಧಿಯಲ್ಲಿ ಮದರಾಸಿನಲ್ಲಿ 12 ಸಂಪುಟಗಳಾಗಿ ಪ್ರಕಟವಾಯಿತು. ಹಡಗುಗಳ ಆಗಮನ, ಸರಕಿನ ವ್ಯವಹಾರ, ಗವರ್ನರನ ಮಾತು, ಜ್ಯೋತಿಷಿಗಳ ಫಲ, ಪೇಟೆಯ ವದಂತಿ ಎಲ್ಲವೂ ಇದರಲ್ಲಿವೆ. ಸುಳ್ಳೆಂದು ನಂತರ ತಿಳಿದುಬಂದ ವದಂತಿಗೂ ಇಲ್ಲಿ ಬೆಲೆಯಿದೆ. ಆ ದಿನ ಜನರು ಯಾವುದನ್ನು ನಂಬಿದ್ದರು, ಯಾವುದಕ್ಕೆ ಹೆದರಿದ್ದರು ಎಂಬುದನ್ನು ಅದು ತಿಳಿಸುತ್ತದೆ.

1748ರಲ್ಲಿ ಬಾಸ್ಕವೆನ್ ಪಾಂಡಿಚೇರಿಗೆ ಹಾಕಿದ ಮುತ್ತಿಗೆಯು ವಿಫಲವಾಯಿತು. ಸೈನಿಕ ಇತಿಹಾಸದಲ್ಲಿ ಅದು ಡೂಪ್ಲೆಯ ವಿಜಯ. ಆದರೆ ಮುತ್ತಿಗೆಯ ನಡುವೆಯೇ, ಸೆಪ್ಟೆಂಬರಿನಲ್ಲಿ, ಜೆಸ್ಯೂಟರ ಚರ್ಚಿನ ಪಕ್ಕದಲ್ಲಿದ್ದ ವೇದಪುರೀಶ್ವರ ದೇವಾಲಯವನ್ನು ಕೆಡವಲಾಯಿತು. ಅಧಿಕಾರದ ಸಮೀಪದಲ್ಲಿದ್ದೂ ಅದನ್ನು ತಡೆಯಲಾಗದವನ ಸಂಕಟ ದಿನಚರಿಯ ಆ ಪುಟಗಳಲ್ಲಿದೆ. ನಗರ ಉಳಿದರೂ ನಗರವಾಸಿಗಳು ಕಳೆದುಕೊಂಡದ್ದೇನೆಂಬುದು ಅಲ್ಲಿ ಸ್ಪಷ್ಟವಾಗುತ್ತದೆ.

ಪಿಳ್ಳೆಯು ನಿಷ್ಪಕ್ಷಪಾತಿಯಲ್ಲ. ಡೂಪ್ಲೆಯ ಪತ್ನಿಯ ಬಗೆಗಿನ ದ್ವೇಷ, ಪ್ರತಿಸ್ಪರ್ಧಿಗಳ ಮೇಲಿನ ಅಸಹನೆ, ಆತ್ಮಪ್ರಶಂಸೆ ಇವು ದಿನಚರಿಯಲ್ಲಿ ಹೇರಳವಾಗಿವೆ. ಆದ್ದರಿಂದ ಅವನ ಹೇಳಿಕೆಗಳನ್ನು ಕಂಪನಿಯ ದಾಖಲೆಗಳೊಡನೆ ಹೋಲಿಸಿ ನೋಡುವುದು ಅವಶ್ಯ. ಆದರೂ ಈ ದೋಷಗಳನ್ನು ಸೋಸಿ ತೆಗೆದು ಉಳಿದುದನ್ನಷ್ಟೇ ಇತಿಹಾಸವೆಂದು ಭಾವಿಸುವುದು ಸರಿಯಲ್ಲ. ಪರಕೀಯ ಆಡಳಿತದ ಕೃಪೆಯನ್ನು ನಂಬಿ ಬದುಕಿದ ಮಧ್ಯವರ್ತಿಯ ಮನಃಸ್ಥಿತಿಗೆ ಆ ದ್ವೇಷ, ಭಯಗಳೇ ಸಾಕ್ಷ್ಯ.

1760ರಲ್ಲಿ ಫ್ರೆಂಚ್ ಸೇನಾಧಿಪತಿ ಲಾಲಿಯು ಹೈದರ್ ಅಲಿಯ ನೆರವನ್ನು ಕೋರಿದ್ದನು. ಹಾಗಾಗಿ ಕೊನೆಯ ವರ್ಷಗಳ ಪುಟಗಳು ಮೈಸೂರು ಇತಿಹಾಸದ ಸಂಶೋಧಕರಿಗೂ ಅವಶ್ಯವಾದವು. ಪಿಳ್ಳೆಯು 1761ರ ಜನವರಿ 12ರಂದು ತೀರಿಕೊಂಡನು. ನಾಲ್ಕು ದಿನಗಳ ಬಳಿಕ ಪಾಂಡಿಚೇರಿ ಇಂಗ್ಲಿಷರಿಗೆ ಶರಣಾಯಿತು. ಆ ಪತನವನ್ನು ಬಲ್ಲ ನಾವು, ಅದನ್ನರಿಯದೆ ಬರೆದವನ ಮಾತನ್ನು ಅವನ ದಿನಕ್ಕೇ ಇಟ್ಟು ಓದಬೇಕಾಗಿದೆ.