ಗೊಬ್ಬರ ಬೇಡದ ಬೀಜ: ವರದಾ–ತುಂಗಭದ್ರಾ ಬಯಲಿನಲ್ಲಿ ಡ್ರೊಸೆರಾ ಬೆಳೆಸುವ ಪ್ರಶ್ನೆ

ಕೀಟಾಹಾರಿ ಡ್ರೊಸೆರಾವನ್ನು ಬೀಜದಿಂದ ಬೆಳೆಸುವ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಯುರೋಪಿನ ಜೌಗು ನೆಲದ ಡ್ರೊಸೆರಾ ರೊಟಂಡಿಫೋಲಿಯಾವನ್ನು ಕಣ್ಮುಂದಿಟ್ಟುಕೊಂಡು ಹುಟ್ಟಿದವು. ಬಿತ್ತುವ ಮುಂಚೆ ಬೀಜವನ್ನು ಒದ್ದೆ ಪಾಚಿಯಲ್ಲಿ ಸುತ್ತಿ ವಾರಗಟ್ಟಲೆ ಫ್ರಿಜ್ಜಿನಲ್ಲಿಡಿ ಎನ್ನುವುದು ಅಂಥದ್ದೊಂದು. ಹಿಮ ಕರಗಿದ ಮೇಲೆ ಮೊಳೆಯುವ ಬೀಜಕ್ಕೆ ಅದು ತಕ್ಕ ಉಪಚಾರವೇ. ಆದರೆ ನಮ್ಮ ಡ್ರೊಸೆರಾ ಇಂಡಿಕಾ, ಡ್ರೊಸೆರಾ ಬರ್ಮನಿಗಳಿಗೆ ಆ ಚಳಿಯ ಗೊಡವೆ ಇಲ್ಲ. ಇವು ಸಾಮಾನ್ಯವಾಗಿ ಮಳೆಯ ಹಂಗಾಮಿನಲ್ಲಿ ಹುಟ್ಟಿ, ಹೂಬಿಟ್ಟು, ನೆಲದ ತೇವ ಆರಿದಂತೆ ಸತ್ತುಹೋಗುತ್ತವೆ. ಬೇಸಿಗೆ ದಾಟುವುದು ಬೀಜ ಮಾತ್ರ. ಗಳಗನಾಥದ ಸುತ್ತಣ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಇವನ್ನು ಬೆಳೆಸಹೊರಟವರಿಗೆ ಎದುರಾಗುವ ತೊಡಕು ಬೇರೆಯದೇ. ಅದು ಮೊದಲು ನೀರಿನದು, ಆಮೇಲೆ ಬೇರಿಗೆ ಉಣಿಸುವ ಒಕ್ಕಲುತನದ ರೂಢಿಯದು ಎಂಬುದು ಈ ಲೇಖನದ ವಾದ.

ವರದಾ ನದಿ ಹುಟ್ಟುವುದು ಸಾಗರ ತಾಲ್ಲೂಕಿನ ವರದಾಮೂಲದಲ್ಲಿ. ಅತ್ತ ಮಲೆನಾಡಿನ ಜಂಬಿಟ್ಟಿಗೆ ನೆಲದಲ್ಲಿ ಮಳೆ ಪೋಷಕಾಂಶಗಳನ್ನು ತೊಳೆದೊಯ್ದು ಉಳಿಸಿದ ಬಡ, ಹುಳಿ, ಒದ್ದೆ ಮಣ್ಣೇ ಡ್ರೊಸೆರಾಕ್ಕೆ ಒಗ್ಗುವ ಜಾಗ. ಸಾರಜನಕದ ಕೊರತೆಯನ್ನು ಎಲೆಯ ಅಂಟುಗೂದಲಿಗೆ ಸಿಕ್ಕ ಹುಳು ತುಂಬಿಕೊಡುತ್ತದೆ. ಅದೇ ನದಿ ಬನವಾಸಿ ಹಾದು, ಗಳಗನಾಥದ ಗಳಗೇಶ್ವರ ಗುಡಿಯ ಬಳಿ ತುಂಗಭದ್ರೆಯನ್ನು ಕೂಡುವ ಹೊತ್ತಿಗೆ ಸುತ್ತಲಿನ ನೆಲದ ಗುಣವೇ ಬದಲಾಗಿರುತ್ತದೆ. ಇಲ್ಲಿಯ ಎರೆ ಮಣ್ಣಿನಲ್ಲಿ ಸುಣ್ಣದ ಹರಳು ಸಿಗುತ್ತವೆ. ಬೋರಿನ ನೀರು ಗಡಸು. ಮೆಣಸಿನಕಾಯಿಗೂ ಹತ್ತಿಗೂ ಒಳ್ಳೆಯದಾದ ಈ ನೆಲ ಡ್ರೊಸೆರಾಕ್ಕೆ ವಿಷ. ಮಸಾರಿ ಮಣ್ಣೂ ಗೊಬ್ಬರ ಕಂಡ ಹೊಲದ್ದಾದರೆ ಬೇಡ.

ಹಾಗಂತ ಇದು ಬೀಜ ಅರಿಯದ ಸೀಮೆಯೇನಲ್ಲ. ಧಾರವಾಡದಲ್ಲಿ ಬಿ.ಎಚ್. ಕಾತರಕಿಯವರು ರೂಪಿಸಿ 1972ರಲ್ಲಿ ಹೊರಬಂದ ವರಲಕ್ಷ್ಮಿ ಹತ್ತಿಯ ಕಾಲದಿಂದ ಹೈಬ್ರಿಡ್ ಬೀಜೋತ್ಪಾದನೆ ಉತ್ತರ ಕರ್ನಾಟಕದ ದೊಡ್ಡ ಕಸುಬಾಯಿತು. ರಾಣೇಬೆನ್ನೂರಿನ ಸುತ್ತ ಇಂದು ನೆಟ್ ಹೌಸಿನೊಳಗೆ ಮೊಗ್ಗು ಬಿಡಿಸಿ ಕೇಸರ ಕಿತ್ತು ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸ ಬಲ್ಲ ಹೆಣ್ಣುಮಕ್ಕಳ ಬೆರಳಿನ ಹದ ಯಾವ ಪ್ರಯೋಗಾಲಯಕ್ಕೂ ಕಡಿಮೆಯದಲ್ಲ. ಡ್ರೊಸೆರಾದಲ್ಲಿ ಅವರಿಗೆ ಕ್ರಾಸಿಂಗಿನ ಕೆಲಸವೇ ಇಲ್ಲ. ಈ ಎರಡೂ ಜಾತಿಗಳ ಹೂವು ಬಿಸಿಲಿರುವಾಗ ಕೆಲವೇ ತಾಸು ಅರಳಿ, ಮುಚ್ಚಿಕೊಳ್ಳುವಾಗ ತನ್ನ ಪರಾಗವನ್ನು ತಾನೇ ಮುಟ್ಟಿಸಿಕೊಳ್ಳುತ್ತದೆ. ಕೆಲಸವಿರುವುದು ಆಮೇಲೆ. ಒಣಗಿ ಕಂದಾದ ತೆನೆಯನ್ನು ಬಿಳಿ ಕಾಗದದ ಮೇಲೆ ಬಾಗಿಸಿ ಉಗುರಿನಿಂದ ತಟ್ಟಿದರೆ ಕರಿ ಪುಡಿ ಉದುರುತ್ತದೆ. ಕಾಳೊಂದು ಒಂದು ಮಿಲಿಮೀಟರಿಗೂ ಕಿರಿದು. ಮಸೂರದಡಿ ನೋಡಿದರೆ ಮೈತುಂಬ ಜಾಲರಿ ಗೆರೆ. ಆಗ ಫ್ಯಾನ್ ಹಾಕಿದ್ದರೆ ವರ್ಷದ ಫಸಲು ಹೋದಂತೆ.

ಅಗೆ ಹಾಕುವವರ ಮೊದಲ ನಿಯಮ ಬೀಜದ ಮೇಲೆ ತೆಳುವಾಗಿ ಮಣ್ಣು ಮುಚ್ಚುವುದು. ಇಲ್ಲಿ ಅದನ್ನು ಬಿಡಬೇಕು. ದೂಳಿನಂಥ ಈ ಬೀಜದಲ್ಲಿ ಮಣ್ಣು ಸೀಳಿ ಮೇಲೇಳುವಷ್ಟು ಸಂಗ್ರಹವಿಲ್ಲ, ಮೊಳೆಯಲು ಬೆಳಕೂ ಬೇಕು. ಒದ್ದೆ ಮೇಲ್ಮೈಗೆ ಉದುರಿಸಿ ಸುಮ್ಮನಿರುವುದೇ ಬಿತ್ತನೆ. ಮೇಲಿಂದ ನೀರು ಚಿಮುಕಿಸಿದರೆ ಬೀಜ ಮೂಲೆಗೆ ಹರಿದು ಗುಂಪುಗೂಡುತ್ತದೆ. ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು ಕೆಳಗಿನಿಂದ ಹೀರಿಸಬೇಕು. ಪುಸ್ತಕಗಳು ಹೇಳುವ ಪೀಟ್ ವಿದೇಶಿ ಸರಕು. ಅದರ ಬದಲಿಗೆ ಪ್ರೊ-ಟ್ರೇಗೆ ತುಂಬುವ ಕೋಕೋಪಿಟ್ ಬಳಸಬಹುದಾದರೂ ತೆಂಗಿನ ಸಿಪ್ಪೆಯ ಪೊಟ್ಯಾಸಿಯಂ, ಸೋಡಿಯಂ ಲವಣಗಳು ಹೋಗುವವರೆಗೆ ಮತ್ತೆಮತ್ತೆ ತೊಳೆಯಬೇಕು, ಪೋಷಕಾಂಶ ಬೆರೆಸಿದ ಚೀಲ ತರಲೇಬಾರದು. ಜೊತೆಗೆ ಬೆರೆಸುವ ಮರಳಿಗೆ ವಿನೆಗರ್ ಹನಿಸಿದಾಗ ನೊರೆ ಎದ್ದರೆ ಸುಣ್ಣವಿದೆ ಎಂದರ್ಥ, ಅದನ್ನು ಬಿಟ್ಟುಬಿಡಿ.

ನೀರಿಗೆ ಮಳೆನೀರೇ ಮೇಲು. ಮಳೆ ಇಲ್ಲದ ತಿಂಗಳುಗಳಲ್ಲಿ ಊರೂರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ನಡೆಯುತ್ತದೆ, ಆದರೆ ಕರಗಿದ ಲವಣ ತೋರುವ ಟಿಡಿಎಸ್ ಮೀಟರಿನಲ್ಲಿ ಅಳೆದು. ಅಂಕಿ 50ರ ಒಳಗಿದ್ದರೆ ಚಿಂತೆಯಿಲ್ಲ. ತಟ್ಟೆಯ ನೀರು ಆವಿಯಾದಂತೆ ಲವಣ ಮಾತ್ರ ಉಳಿದು ಕೂಡುತ್ತ ಹೋಗುವುದರಿಂದ ಮೊದಲ ದಿನದ ಅಂಕಿ ನಂಬಿ ಕೂರಬಾರದು.

ಬರ್ಮನಿ ಬೆಚ್ಚಗಿನ ಹವೆಯಲ್ಲಿ ಎರಡರಿಂದ ನಾಲ್ಕು ವಾರದೊಳಗೆ ಮೊಳೆಯುವುದುಂಟು. ಇಂಡಿಕಾ ಹಟಮಾರಿ, ಒಂದೇ ಕುಂಡದಲ್ಲಿ ಕೆಲವು ಮೊಳೆತರೆ ಕೆಲವು ತಿಂಗಳುಗಟ್ಟಲೆ ಕೂರುತ್ತವೆ. ಒಂದೇ ಮಳೆಯನ್ನು ನಂಬಿ ಎಲ್ಲವೂ ಎದ್ದರೆ ಮುಂದಿನ ಬಿಸಿಲಿಗೆ ಎಲ್ಲವೂ ಸಾಯುವ ನೆಲದಲ್ಲಿ ಈ ಹಟಕ್ಕೆ ಅರ್ಥವಿದೆ ಎಂದು ನನಗನ್ನಿಸುತ್ತದೆ. ದ್ರಾಕ್ಷಿ ಬೆಳೆಗಾರರಿಗೆ ಪರಿಚಿತವಾದ ಜಿಬ್ಬೆರೆಲಿಕ್ ಆಮ್ಲದಿಂದ ಅದನ್ನು ಮುರಿಯುವ ರೂಢಿಯೂ ಇದೆ. ಎದ್ದ ಸಸಿಯನ್ನು ಕಿತ್ತು ನಾಟಿ ಮಾಡಿದರೆ ಇಂಡಿಕಾ ಸಹಿಸದು, ಬಿತ್ತಿದ ಕುಂಡದಲ್ಲೇ ಬಿಡಬೇಕು.

ಇನ್ನು ಉಣಿಸುವ ಮಾತು. ಚಾರ್ಲ್ಸ್ ಡಾರ್ವಿನ್ 1860ರಲ್ಲಿ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಕಿತ್ತ ಹನ್ನೆರಡು ಗಿಡಗಳ 56 ಎಲೆಗಳ ಪೈಕಿ 31ರಲ್ಲಿ ಸತ್ತ ಕೀಟಗಳು ಅಂಟಿದ್ದವು. ಅಲ್ಲಿ ಮೊದಲಾದ ಕುತೂಹಲ 1875ರಲ್ಲಿ ಗ್ರಂಥವಾಯಿತು. ಆದರೂ ಕೀಟ ತಿನ್ನುವುದರಿಂದ ಗಿಡಕ್ಕೆ ನಿಜವಾಗಿ ಲಾಭವಿದೆಯೇ ಎಂಬ ಶಂಕೆ ಉಳಿದಿತ್ತು. ಅದನ್ನು ತೀರ್ಮಾನಿಸಿದ್ದು ಮಗ ಫ್ರಾನ್ಸಿಸ್ ಡಾರ್ವಿನ್. ಅವರು ಕೆಲವು ಗಿಡಗಳ ಎಲೆಗೆ ಹುರಿದ ಮಾಂಸದ ಚೂರು ಇಟ್ಟು, ಉಳಿದವನ್ನು ಉಪವಾಸ ಕೆಡವಿದರು. ಉಂಡ ಗಿಡಗಳಲ್ಲಿ ಬೀಜದ ಸಂಖ್ಯೆ ಎರಡು ಪಟ್ಟನ್ನೂ ಒಟ್ಟು ತೂಕ ಮೂರು ಪಟ್ಟನ್ನೂ ಮೀರಿತ್ತು. ವ್ಯತ್ಯಾಸ ಎದ್ದು ಕಂಡದ್ದು ಎಲೆಗಿಂತ ಬೀಜದಲ್ಲಿ. ಬೀಜೋತ್ಪಾದಕರಿಗೆ ಈ ಪ್ರಯೋಗ ತಾನಾಗಿ ಅರ್ಥವಾಗುತ್ತದೆ: ಮುಂದಿನ ವರ್ಷಕ್ಕೆ ಬೀಜ ಬೇಕಿದ್ದರೆ ಹೂಬಿಡುವ ಮುಂಚೆ ಎಲೆಗೆ ಉಣಿಸಿ, ಬೇರಿಗೆ ಬೇಡ. ಅಕ್ವೇರಿಯಂ ಮೀನಿನ ಒಣ ಆಹಾರದ ಪುಡಿ, ಸೂಜಿಮೊನೆಯಲ್ಲಿ ನಿಲ್ಲುವಷ್ಟು, ಒಂದೆಲೆಗೆ ಸಾಕು. ಹೆಚ್ಚಾದರೆ ಬೂಸ್ಟು ಹಿಡಿಯುತ್ತದೆ.

ಮಲೆಗಳ ಎತ್ತರದಲ್ಲಿ ಸಿಗುವ ಪೆಲ್ಟಾಟಾ ಗುಂಪಿನ ಡ್ರೊಸೆರಾ ನೆಲದೊಳಗೆ ಗಡ್ಡೆ ಉಳಿಸಿಕೊಂಡು ಬೇಸಿಗೆ ಕಳೆಯುವುದರಿಂದ ಮೇಲಿನ ಮಾತುಗಳು ಅದಕ್ಕೆ ಪೂರ್ತಿ ಹೊಂದುವುದಿಲ್ಲ. ಸ್ವರ್ಣಭಸ್ಮದ ತಯಾರಿಕೆಗೆಂದು ಅದನ್ನು ಗಡ್ಡೆಸಮೇತ ಕೀಳುವುದೂ ಇದೆ. ಕಿತ್ತ ಜಾಗದಲ್ಲಿ ಮರುವರ್ಷ ಗಿಡವಿರದು.

ಮಲೆನಾಡಿನಿಂದ ಗಿಡ ಕಿತ್ತು ತರುವವರು ತರುವುದು ಸಾಯುತ್ತಿರುವ ಗಿಡವನ್ನು. ಕಾಡಿನ ಗಿಡಕ್ಕೆ ಕೈಹಾಕದೆ, ಬೆಳೆಸಿದವರ ಬಳಿಯಿಂದ ಒಂದು ಚಿಟಿಕೆ ಬೀಜ ಪಡೆಯಿರಿ. ಪೊಟ್ಟಣದ ಮೇಲೆ ಜಾತಿ, ಮೂಲದ ಊರು, ಕೊಯ್ದ ತಿಂಗಳು ಬರೆಯಿರಿ. ನಿಮ್ಮಲ್ಲಿ ಬೆಳೆದ ಬೀಜವನ್ನು ವರದೆಯ ದಂಡೆಗಾಗಲಿ ರಾಣೇಬೆನ್ನೂರಿನ ಕೃಷ್ಣಮೃಗ ಧಾಮದ ಹುಲ್ಲುಗಾವಲಿಗಾಗಲಿ ಎರಚಬೇಡಿ.