ಕೊಟ್ಟಿಗೆ ನಿರ್ಮಾಣ (ಪುತ್ತೂರು, ಸುಳ್ಯ ಮತ್ತು ಕಡಬ)

ಕೊಟ್ಟಿಗೆ ಎಂಬುದು ಕಂಬಗಳ ಮೇಲೆ ಮಾಡು ಹೊದಿಸಿ, ಒಂದೆರಡು ಬದಿಗೆ ಮಾತ್ರ ಗೋಡೆ ಇಟ್ಟು ಅಥವಾ ಗೋಡೆಯೇ ಇಲ್ಲದೆ ಕಟ್ಟುವ ಕೃಷಿ ಕಟ್ಟಡ. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳಲ್ಲಿ ದನ ಕಟ್ಟಲು, ಅಡಿಕೆ ಒಣಗಿಸಲು ಮತ್ತು ದಾಸ್ತಾನಿಡಲು, ಸೌದೆ, ತೆಂಗಿನಕಾಯಿ, ರಬ್ಬರ್ ಹಾಳೆಗಳನ್ನು ಮಳೆಯಿಂದ ಕಾಪಾಡಲು ಇಂತಹ ಕಟ್ಟಡಗಳನ್ನು ಕಟ್ಟಿಕೊಳ್ಳುತ್ತಾರೆ. ವಾಸದ ಮನೆಗೆ ಹೋಲಿಸಿದರೆ ಇದರ ವೆಚ್ಚ ಕಡಿಮೆ. ಆ ಕಾರಣದಿಂದಲೇ ನಕ್ಷೆ, ಕರಾರು, ಲೆಕ್ಕಾಚಾರಗಳಿಲ್ಲದೆ ಬಾಯಿಮಾತಿನಲ್ಲಿ ಕೆಲಸ ಮುಗಿಯುವುದೂ ಹೆಚ್ಚು. ಗಾಳಿಗೆ ಹಾರಿಹೋಗುವ ಮಾಡುಗಳಲ್ಲಿ ಬಹುಪಾಲು ಇಂತಹ ಕಟ್ಟಡಗಳವೇ.

ಹೆಸರು

ದನ ಕಟ್ಟುವ ಕಟ್ಟಡಕ್ಕೆ ಈ ಭಾಗದ ಕನ್ನಡದಲ್ಲಿ ಹಟ್ಟಿ ಎಂದೂ ತುಳುವಿನಲ್ಲಿ ಕಿದೆ ಎಂದೂ ಹೆಸರು. ಉಳಿದ ಬಳಕೆಯವುಗಳಿಗೆ ಕೊಟ್ಟಗೆ, ತುಳುವಿನಲ್ಲಿ ಕೊಟ್ಯ ಎನ್ನುತ್ತಾರೆ. ಮನೆಯ ಗೋಡೆಗೆ ತಾಗಿಸಿ ಇಳಿಸಿದ ಮಾಡು ಇಳಿಮಾಡು. ಈಗ ಕಬ್ಬಿಣದ ಕಂಬ, ತಗಡಿನ ಮಾಡಿನ ಕಟ್ಟಡಗಳನ್ನೆಲ್ಲ ಸಾಮಾನ್ಯವಾಗಿ ಶೆಡ್ಡು ಎಂದೇ ಕರೆಯುತ್ತಾರೆ. ಅಮೆರಿಕದಲ್ಲಿ 1930ರ ದಶಕದಿಂದ ಬಳಕೆಗೆ ಬಂದ ಪೋಲ್ ಬಾರ್ನ್ ಕೂಡ ಇದೇ ಜಾತಿಯದು. ಅಲ್ಲಿ ರಾಸಾಯನಿಕ ಉಣಿಸಿದ ಮರದ ಕಂಬಗಳನ್ನು ನೇರವಾಗಿ ನೆಲದಲ್ಲಿ ಹೂಳುತ್ತಾರೆ. ಕರಾವಳಿಯ ಹಳೆಯ ಕ್ರಮ ಬೇರೆ: ಮರದ ಕಂಬವನ್ನು ಮಣ್ಣಿಗೆ ತಾಗಿಸದೆ ಕಲ್ಲಿನ ಪಾದದ ಮೇಲೆ ನಿಲ್ಲಿಸುವುದು. ಒರಲೆ ಮತ್ತು ತೇವ ಎರಡೂ ಇರುವ ನೆಲಕ್ಕೆ ಅದೇ ತಕ್ಕದ್ದು.

ಮಳೆ ಮತ್ತು ಗಾಳಿ

ಪಶ್ಚಿಮ ಘಟ್ಟದ ತಪ್ಪಲಿನ ಈ ಮೂರು ತಾಲ್ಲೂಕುಗಳಲ್ಲಿ ವರ್ಷಕ್ಕೆ ಸಾಮಾನ್ಯವಾಗಿ 3,500 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಆದರೆ ಮಾಡಿಗೆ ಅಪಾಯ ಒದಗುವುದು ಮಳೆಗಾಲದಲ್ಲಿ ಮಾತ್ರವಲ್ಲ. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆಯೊಂದಿಗೆ ಬೀಸುವ ಸುಳಿಗಾಳಿಯೂ ತಗಡನ್ನು ಕಿತ್ತೊಗೆಯಬಲ್ಲದು.

ಗಾಳಿಯ ಹೊರೆಯ ಬಗೆಗಿನ ಭಾರತೀಯ ಮಾನಕ ಐಎಸ್ 875 (ಭಾಗ 3) ಮಂಗಳೂರಿಗೆ ಸೆಕೆಂಡಿಗೆ 39 ಮೀಟರ್ ಮೂಲ ವೇಗವನ್ನು ನಿಗದಿಪಡಿಸಿದೆ. ಗಂಟೆಗೆ ಲೆಕ್ಕ ಹಾಕಿದರೆ ಇದು ಸುಮಾರು 140 ಕಿ.ಮೀ. ಈ ವೇಗದ ಗಾಳಿ ಪ್ರತಿ ಚದರ ಮೀಟರಿಗೆ ಸುಮಾರು 90 ಕೆ.ಜಿ. ತೂಕಕ್ಕೆ ಸಮನಾದ ಒತ್ತಡ ಉಂಟುಮಾಡುತ್ತದೆ. ಕಟ್ಟಡದ ಎತ್ತರ, ಮಾಡಿನ ಇಳಿಜಾರು, ಸುತ್ತಲಿನ ಗುಡ್ಡ ಮತ್ತು ತೋಟಗಳಿಗೆ ತಕ್ಕಂತೆ ಈ ಸಂಖ್ಯೆ ಹೆಚ್ಚು ಕಡಿಮೆಯಾಗುತ್ತದೆ. ಗೋಡೆಯಿಲ್ಲದ ಕೊಟ್ಟಿಗೆಯಲ್ಲಿ ಗಾಳಿ ಕೆಳಗಿನಿಂದ ಒಳನುಗ್ಗಿ ಮಾಡನ್ನು ಮೇಲಕ್ಕೆ ದೂಡುತ್ತದೆ. ಒಂದು ಚದರ ಮೀಟರ್ ಮಾಡಿಗೆ ಸುಮಾರು 15 ಮಂಗಳೂರು ಹಂಚು ಬೇಕು. ಅವುಗಳ ತೂಕ ಹೆಚ್ಚುಕಡಿಮೆ 40 ಕೆ.ಜಿ. ಅಷ್ಟೇ ಜಾಗಕ್ಕೆ ಅರ್ಧ ಮಿ.ಮೀ. ದಪ್ಪದ ತಗಡು ಹೊದಿಸಿದರೆ ತೂಕ 5 ಕೆ.ಜಿ.ಯ ಆಸುಪಾಸು. ಹಂಚಿನ ಮಾಡು ತನ್ನ ಭಾರದಿಂದಲೂ ಒಂದಷ್ಟು ಮಟ್ಟಿಗೆ ನಿಲ್ಲುತ್ತದೆ, ತಗಡಿನ ಮಾಡು ನಿಲ್ಲುವುದು ತನ್ನ ಬಿಗಿತದಿಂದ ಮಾತ್ರ. ಹಂಚಿನಿಂದ ತಗಡಿಗೆ ಬದಲಾದಾಗ ಹಳೆಯ ಕಂಬಗಳನ್ನೇ ಉಳಿಸಿಕೊಂಡು ಹಣ ಉಳಿಯಿತೆಂದುಕೊಳ್ಳುವವರು ಈ ವ್ಯತ್ಯಾಸವನ್ನು ಗಮನಿಸಿರುವುದಿಲ್ಲ.

ಕಂಬ ಮತ್ತು ಪಾದ

ಮೂರು ಮೀಟರ್ ಅಂತರದಲ್ಲಿ ನಿಲ್ಲಿಸಿದ ನಡುವಿನ ಕಂಬವೊಂದು ಸುಮಾರು 9 ಚದರ ಮೀಟರ್ ಮಾಡನ್ನು ಹಿಡಿದಿರುತ್ತದೆ. ಮೇಲೆ ಹೇಳಿದ ಒತ್ತಡದ ಅರ್ಧದಷ್ಟು ಮೇಲೆತ್ತಿದರೂ ಆ ಕಂಬದ ಮೇಲಿನ ಎಳೆತ 400 ಕೆ.ಜಿ.ಯಾಗುತ್ತದೆ. ಕಾಂಕ್ರೀಟಿನ ತೂಕ ಘನ ಮೀಟರಿಗೆ ಸುಮಾರು 2,400 ಕೆ.ಜಿ. ಆದ್ದರಿಂದ ಉದ್ದ, ಅಗಲ, ಆಳ ಮೂರೂ 30 ಸೆಂ.ಮೀ. ಇರುವ ಗುಂಡಿಯ ಕಾಂಕ್ರೀಟು 65 ಕೆ.ಜಿ. ಮಾತ್ರ ತೂಗುತ್ತದೆ, 60 ಸೆಂ.ಮೀ. ಚೌಕದ, 75 ಸೆಂ.ಮೀ. ಆಳದ ಗುಂಡಿಯದು 650 ಕೆ.ಜಿ. ಮಣ್ಣಿನ ಹಿಡಿತ ಒಂದಷ್ಟು ನೆರವಾಗುತ್ತದಾದರೂ ಆಟಿಯ ಮಳೆಯಲ್ಲಿ ನೆನೆದ ಮಣ್ಣನ್ನು, ಅದರಲ್ಲೂ ಹೊಸದಾಗಿ ತುಂಬಿಸಿದ ಮಣ್ಣನ್ನು ನಂಬುವಂತಿಲ್ಲ. ಗುಂಡಿಯ ಅಳತೆ ಕಾಂಕ್ರೀಟು ಹಾಕಿದ ಮೇಲೆ ಕಾಣುವುದಿಲ್ಲ. ಹಾಕುವ ಮುನ್ನವೇ ಅಳೆದು ನೋಡಬೇಕು.

ಕಂಬಕ್ಕೆ ಹಿಂದೆ ಹಲಸು, ಹೆಬ್ಬಲಸು, ಮತ್ತಿ, ಕಿರಾಲುಬೋಗಿಯಂತಹ ಮರಗಳನ್ನು ಬಳಸುತ್ತಿದ್ದರು. ಈಗ ಕಬ್ಬಿಣದ ಕೊಳವೆ, ಕಾಂಕ್ರೀಟು ಕಂಬ, ಕಗ್ಗಲ್ಲಿನ ಕಂಬ ಅಥವಾ ಮುರಕಲ್ಲಿನ ಪಿಲ್ಲರುಗಳು ಹೆಚ್ಚು. ಕಬ್ಬಿಣವನ್ನು ತೂಕದ ಮೇಲೆ ಮಾರುವುದರಿಂದ ದಪ್ಪ ಕಡಿಮೆ ಮಾಡಿದರೆ ಬೆಲೆಯೂ ಇಳಿಯುತ್ತದೆ. ಹೊರಗಿನಿಂದ 50 ಮಿ.ಮೀ. ಚೌಕವಾಗಿ ಕಾಣುವ 6 ಮೀಟರ್ ಉದ್ದದ ಕೊಳವೆ 2 ಮಿ.ಮೀ. ದಪ್ಪದ್ದಾದರೆ 18 ಕೆ.ಜಿ.ಯಷ್ಟೂ, 3 ಮಿ.ಮೀ. ದಪ್ಪದ್ದಾದರೆ 25 ಕೆ.ಜಿ.ಯಷ್ಟೂ ತೂಗುತ್ತದೆ. ಬಣ್ಣ ಬಳಿದ ಮೇಲೆ ಕಣ್ಣಿಗೆ ಎರಡೂ ಒಂದೇ. ಬಿಲ್ಲಿನಲ್ಲಿ ತೂಕ ಮತ್ತು ದಪ್ಪ ಎರಡನ್ನೂ ಬರೆಸಿಕೊಳ್ಳುವುದು ಇದಕ್ಕಾಗಿಯೇ.

ಹಟ್ಟಿಯಲ್ಲಿ ಕಬ್ಬಿಣದ ಕಂಬ ಮೊದಲು ಸವೆಯುವುದು ಬುಡದಲ್ಲಿ. ಗಂಜಲ ಮತ್ತು ಸೆಗಣಿಯ ತೇವ ಸದಾ ತಾಗುವ ಆ ಒಂದಡಿಯ ಭಾಗವನ್ನು ಕಾಂಕ್ರೀಟಿನ ಪಾದ ಎತ್ತರಿಸಿ ನೆಲದಿಂದ ಮೇಲಿಡುವುದು ಒಳ್ಳೆಯದು. ಅಡಿಕೆ ಮರದ ಹೊರಕವಚವನ್ನು ಸೀಳಿದ ಸಲಾಕೆ ಪಕ್ಕಾಸು, ರೀಪುಗಳಿಗೆ ಬಹಳ ಕಾಲದಿಂದ ಬಳಕೆಯಲ್ಲಿದೆ. ಹಳದಿ ಎಲೆ ರೋಗದಿಂದ ಸುಳ್ಯ ತಾಲ್ಲೂಕಿನ ಅನೇಕ ತೋಟಗಳು ಬರಿದಾದ್ದರಿಂದ ಮರಕ್ಕೆ ಕೊರತೆಯಿಲ್ಲ. ಆದರೆ ಬಲಿತ ಮರವನ್ನೇ ಆರಿಸಿ ಒಳಗಿನ ಮೆದು ಭಾಗವನ್ನು ಪೂರ್ತಿ ತೆಗೆಯದಿದ್ದರೆ ಒರಲೆ ಬೇಗ ಹಿಡಿಯುತ್ತದೆ.

ಮಾಡು

ಮುಳಿಹುಲ್ಲು ಮತ್ತು ಹೆಣೆದ ತೆಂಗಿನ ಮಡಲಿನ ಮಾಡುಗಳನ್ನು ಆಗಾಗ ಹೊಸದಾಗಿ ಹೊದಿಸಬೇಕಾಗಿತ್ತು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಳಿಕ ಹಂಚು ಕ್ರಮೇಣ ಒಳನಾಡಿಗೂ ಬಂದಿತು. ಹಟ್ಟಿಗೆ ಇಂದಿಗೂ ಅದಕ್ಕಿಂತ ತಂಪಾದ ಹೊದಿಕೆ ಸುಲಭಕ್ಕೆ ಸಿಗದು. ಆದರೆ ಮಂಗಗಳ ಹಾವಳಿ, ಪಕ್ಕಾಸು ರೀಪುಗಳ ಮರದ ಬೆಲೆ ಮತ್ತು ಹಂಚು ಕೈಯಾಡಿಸಲು ತಿಳಿದವರ ಕೊರತೆ ಇವು ರೈತರನ್ನು ತಗಡಿನತ್ತ ತಿರುಗಿಸಿವೆ.

ಸತುವಿನ ಲೇಪದ ತಗಡಿಗೆ ಐಎಸ್ 277 ಮಾನಕವಿದೆ. ತಗಡಿನ ದಪ್ಪದಷ್ಟೇ ಲೇಪದ ತೂಕವೂ ಮುಖ್ಯ. ಅದನ್ನು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಸೂಚಿಸುತ್ತಾರೆ. 120ಕ್ಕಿಂತ 275 ಗ್ರಾಂ ಲೇಪದ್ದು ಹೆಚ್ಚು ಬಾಳುತ್ತದೆ. ಸೆಗಣಿ, ಗಂಜಲದಿಂದ ಏಳುವ ಅಮೋನಿಯ ಸತುವನ್ನು ತಿನ್ನುವುದರಿಂದ ಹಟ್ಟಿಯ ಮಾಡು ಎತ್ತರವಾಗಿರಬೇಕು, ಮೇಲ್ತುದಿಯಲ್ಲಿ ಗಾಳಿ ಹೊರಹೋಗಲು ಕಿಂಡಿ ಇರಬೇಕು. ಮೊಳೆ ಹೊಡೆದು ಕೂರಿಸಿದ ತಗಡು ಬೇಗ ಸಡಿಲಗೊಳ್ಳುತ್ತದೆ. ರಬ್ಬರ್ ವಾಷರ್ ಇರುವ ಸ್ಕ್ರೂ ಅಥವಾ ಕೊಕ್ಕೆ ಬೋಲ್ಟು ಬೇಕು, ಮಾಡಿನ ಅಂಚು ಮತ್ತು ಮೂಲೆಗಳಲ್ಲಿ ಅವು ಹತ್ತಿರ ಹತ್ತಿರ ಇರಬೇಕು. ಗಾಳಿ ಮೊದಲು ಎತ್ತುವುದು ಅಲ್ಲಿಂದಲೇ. ಕಲ್ನಾರು ಸಿಮೆಂಟು ಶೀಟು ಅಗ್ಗವಾದರೂ ಅದನ್ನು ಕೊಯ್ಯುವಾಗ, ಕೊರೆಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಹಾನಿಕರ. ಅಲ್ಲದೆ ಹಳೆಯ ಶೀಟಿನ ಮೇಲೆ ಕಾಲಿಟ್ಟರೆ ಒಡೆದು ಬೀಳುವ ಅಪಾಯವಿದೆ.

ಅಡಿಕೆ ಒಣಗಿಸುವ ಕೊಟ್ಟಿಗೆಗೆ ಪಾರದರ್ಶಕ ಹಾಳೆ ಹೊದಿಸುವುದು ಈಗ ವ್ಯಾಪಕವಾಗಿದೆ. ಚಾಲಿ ಅಡಿಕೆ ಬಿಸಿಲಿನಲ್ಲಿ ಒಣಗಲು 35ರಿಂದ 45 ದಿನ ಬೇಕು. ನಡುವೆ ಬರುವ ಅಕಾಲ ಮಳೆ ಒಂದು ವರ್ಷದ ಬೆಳೆಯ ಬಣ್ಣ ಕೆಡಿಸಿಬಿಡುತ್ತದೆ. ಇದಕ್ಕೆ ಅತಿನೇರಳೆ ಕಿರಣ ತಡೆಯುವ ಹಾಳೆಯನ್ನೇ ಕೊಳ್ಳಬೇಕು. ಸಾಮಾನ್ಯ ಪ್ಲಾಸ್ಟಿಕ್ಕು ಬಿಸಿಲಿಗೆ ಬೇಗ ಹರಿದುಹೋಗುತ್ತದೆ.

ಮುರಕಲ್ಲು ಮತ್ತು ನೆಲ

ಗೋಡೆ, ಪಂಚಾಂಗಗಳಿಗೆ ಮುರಕಲ್ಲೇ ಇಲ್ಲಿನ ಸಹಜ ಸಾಮಗ್ರಿ. ಐಎಸ್ 3620ರ ಪ್ರಕಾರ ಅದು ತನ್ನ ತೂಕದ ಶೇ. 12ಕ್ಕಿಂತ ಹೆಚ್ಚು ನೀರು ಹೀರಬಾರದು. ಕೆಲಸದ ಜಾಗದಲ್ಲಿ ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ದನಿ ಬರುವ, ಬಿಳಿಯ ಜೇಡಿ ತುಂಬಿದ ತೂತುಗಳಿಲ್ಲದ ಕಲ್ಲನ್ನು ಆರಿಸುತ್ತಾರೆ. ಹಟ್ಟಿಯಲ್ಲಿ ದನವೊಂದಕ್ಕೆ ಮಾಡಿನಡಿ ಸುಮಾರು 3.5 ಚದರ ಮೀಟರ್ ಜಾಗ ಬೇಕೆಂಬುದು ಪಶುಪಾಲನೆಯ ಪಠ್ಯಗಳ ಲೆಕ್ಕ. ಸೊಪ್ಪು ಹಾಸಿ ಗೊಬ್ಬರ ಮಾಡುವ ಹಳೆಯ ಹಟ್ಟಿಗೆ ಮಣ್ಣಿನ ನೆಲ ಸಾಕಿತ್ತು. ತೊಳೆಯುವ ಹಟ್ಟಿಗೆ ಇಳಿಜಾರುಳ್ಳ, ಜಾರದ ಕಾಂಕ್ರೀಟು ನೆಲವೂ ಗೊಬ್ಬರ ಗುಂಡಿಗೆ ಸಾಗುವ ಚರಂಡಿಯೂ ಬೇಕು.

ಗುತ್ತಿಗೆದಾರನ ಆಯ್ಕೆ

ಮುರಕಲ್ಲಿನ ಮೇಸ್ತ್ರಿ, ಮರಗೆಲಸದ ಆಚಾರಿ, ವೆಲ್ಡಿಂಗ್ ಕೆಲಸದವರು ಇವರನ್ನು ಬೇರೆ ಬೇರೆಯಾಗಿ ದಿನಗೂಲಿಗೆ ಕರೆಯುವುದು ಹಳೆಯ ಕ್ರಮ. ಒಬ್ಬನಿಗೇ ಚದರ ಅಡಿಯ ದರದಲ್ಲಿ ವಹಿಸುವುದು ಈಗಿನ ರೂಢಿ. ದಿನಗೂಲಿಯಲ್ಲಿ ಸಾಮಗ್ರಿಯ ಗುಣ ಮಾಲೀಕನ ಕೈಯಲ್ಲಿರುತ್ತದೆ, ಆದರೆ ಕೆಲಸ ನೀಳುತ್ತದೆ. ಗುತ್ತಿಗೆಯಲ್ಲಿ ಕೆಲಸ ಬೇಗ ಮುಗಿಯುತ್ತದೆ, ಎಲ್ಲಿ ಉಳಿಸಲಾಗಿದೆ ಎಂಬುದು ಮಾತ್ರ ತಿಳಿಯುವುದಿಲ್ಲ. ಕಬ್ಬಿಣ ಮತ್ತು ತಗಡನ್ನು ಮಾಲೀಕನೇ ಕೊಂಡು, ಕೂಲಿಯನ್ನಷ್ಟೇ ಗುತ್ತಿಗೆ ಕೊಡುವ ನಡುದಾರಿ ಸಣ್ಣ ರೈತರಿಗೆ ಹೆಚ್ಚು ಅನುಕೂಲ.

ಚದರ ಅಡಿ ಎಂದರೆ ನೆಲದ್ದೋ ಮಾಡಿನದ್ದೋ ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳದೆ ಆಗುವ ಜಗಳಗಳು ಅನೇಕ. ಉದಾಹರಣೆಗೆ, 10 ಮೀ. ಉದ್ದ, 6 ಮೀ. ಅಗಲದ ನೆಲ 60 ಚದರ ಮೀಟರ್. ನಾಲ್ಕೂ ಬದಿಗೆ 75 ಸೆಂ.ಮೀ. ಸೂರು ಬಿಟ್ಟು 20 ಡಿಗ್ರಿ ಇಳಿಜಾರು ಕೊಟ್ಟರೆ ಮಾಡಿನ ಅಳತೆ ಸುಮಾರು 92 ಚದರ ಮೀಟರ್, ಅಂದರೆ ನೆಲದ ಒಂದೂವರೆ ಪಾಲು. ಕಡಿಮೆ ದರ ಹೇಳಿದವನ ಬಿಲ್ಲೇ ಕೊನೆಗೆ ದೊಡ್ಡದಾಗುವುದು ಹೀಗೆ.

ಗುತ್ತಿಗೆದಾರ ಹೊಸದಾಗಿ ಮುಗಿಸಿದ ಶೆಡ್ಡಿಗಿಂತ ಮೂರು ನಾಲ್ಕು ಮಳೆಗಾಲ ಕಂಡ ಶೆಡ್ಡನ್ನು ನೋಡುವುದು ಉಪಯುಕ್ತ. ಕಂಬದ ಬುಡ, ಬೆಸುಗೆಯ ಜಾಗದ ತುಕ್ಕು, ಸ್ಕ್ರೂಗಳ ಸುತ್ತಲಿನ ನೀರಿನ ಕಲೆ ಇವು ಅವನ ಕೆಲಸದ ಗುಣವನ್ನು ತಿಳಿಸುತ್ತವೆ. ಕರಾರು ಒಂದೇ ಹಾಳೆಯದಾದರೂ ಬರಹದಲ್ಲಿರಬೇಕು. ಗುಂಡಿಯ ಆಳ, ಕೊಳವೆ ಮತ್ತು ತಗಡಿನ ದಪ್ಪ, ಬಣ್ಣದ ಕೋಟುಗಳು, ಮುಗಿಸುವ ದಿನಾಂಕ ಅದರಲ್ಲಿ ಬೇಕು. ಲಾರಿ ಹೋಗದ ತೋಟದ ದಾರಿಯಲ್ಲಿ ಸಾಮಗ್ರಿ ಹೊರುವ ಖರ್ಚು ಯಾರದೆಂಬುದನ್ನೂ ಬರೆಯಬೇಕು, ಈ ಭಾಗದಲ್ಲಿ ಅದು ಚಿಲ್ಲರೆ ಮೊತ್ತವಲ್ಲ. ಹಣವನ್ನು ಗುಂಡಿ, ಕಂಬ, ಮಾಡು ಎಂಬ ಹಂತಗಳಲ್ಲಿ ಕೊಟ್ಟು, ಒಂದು ಪಾಲನ್ನು ಮೊದಲ ದೊಡ್ಡ ಮಳೆಯ ತನಕ ಉಳಿಸಿಕೊಳ್ಳುವ ಷರತ್ತಿಗೆ ಒಪ್ಪುವವನು ತನ್ನ ಕೆಲಸದ ಮೇಲೆ ಭರವಸೆ ಉಳ್ಳವನು. ಕಾರ್ಮಿಕರಿಗೆ ವಿಮೆ ಇದೆಯೇ ಎಂದು ವಿಚಾರಿಸುವುದೂ ಅಗತ್ಯ. ಮಾಡಿನಿಂದ ಬಿದ್ದವನ ಪರಿಹಾರದ ಹೊಣೆ ಮಾಲೀಕನಿಗೂ ಬರಬಹುದು.

ಅನುಮತಿ ಮತ್ತು ನೆರವು

ಸ್ವಂತ ಜಮೀನಿನ ಮರವಾದರೂ ಅನೇಕ ಜಾತಿಗಳನ್ನು ಕಡಿಯಲು 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕು. ತೆಂಗು, ರಬ್ಬರ್, ಗಾಳಿಮರ, ಸಿಲ್ವರ್ ಓಕ್ ಮೊದಲಾದವುಗಳಿಗೆ ವಿನಾಯಿತಿ ಇದೆ. 2005ರ ಉದ್ಯೋಗ ಖಾತರಿ ಕಾಯ್ದೆಯಡಿ ಗ್ರಾಮ ಪಂಚಾಯಿತಿಗಳ ಮೂಲಕ ದನದ ಹಟ್ಟಿಗೆ ನೆರವು ನೀಡಲಾಗಿದೆ. ಆ ಕಾಮಗಾರಿಗಳಲ್ಲಿ ಗುತ್ತಿಗೆದಾರರಿಗೆ ಅವಕಾಶ ಇರಲಿಲ್ಲ. ಕೂಲಿ ಹಣ ಉದ್ಯೋಗ ಚೀಟಿ ಉಳ್ಳವರ ಖಾತೆಗೇ ಸಂದಾಯವಾಗಬೇಕಿತ್ತು. ಸರಕಾರದ ನೆರವು ನಿರೀಕ್ಷಿಸುವವರು ಕೆಲಸ ಆರಂಭಿಸುವ ಮೊದಲೇ ಪಂಚಾಯಿತಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಕೆಲಸದ ಕಾಲ

ದೀಪಾವಳಿಯಿಂದ ಮೇ ತಿಂಗಳವರೆಗಿನ ಒಣ ಕಾಲವೇ ಕಟ್ಟುವ ಕಾಲ. ಅಡಿಕೆ ಕೊಯ್ಲೂ ಹೆಚ್ಚಾಗಿ ನವೆಂಬರಿನಿಂದ ಮಾರ್ಚ್ ನಡುವೆಯೇ ಬರುವುದರಿಂದ ಆಳುಗಳು ಸಿಗುವುದಿಲ್ಲ. ಕೆಲಸ ಏಪ್ರಿಲ್‌ಗೆ ಮುಂದೆ ಹೋದರೆ ಎಲ್ಲರ ಮನೆಯ ಮಾಡಿನ ಕೆಲಸವೂ ಒಟ್ಟಿಗೆ ಬರುತ್ತದೆ, ಗುತ್ತಿಗೆದಾರ ಹತ್ತು ಕಡೆ ಮುಂಗಡ ಪಡೆದು ಯಾವುದನ್ನೂ ಪೂರ್ತಿ ಮಾಡಿರುವುದಿಲ್ಲ. ಮೇ 24ರ ಸುಮಾರಿಗೆ ಬರುವ ಪತ್ತನಾಜೆಯೊಳಗೆ ಮಾಡು ಮುಗಿಯಬೇಕೆಂಬುದು ತುಳುನಾಡಿನ ಹಳೆಯ ಲೆಕ್ಕ. ಇದರಿಂದ ಹಿಂದಕ್ಕೆ ಎಣಿಸಿದರೆ ಗುಂಡಿ ತೆಗೆಯುವ ಕೆಲಸ ಫೆಬ್ರವರಿಯಲ್ಲಾದರೂ ಆರಂಭವಾಗಬೇಕು. ಪಾದದ ಕಾಂಕ್ರೀಟಿಗೆ ಕನಿಷ್ಠ ಏಳು ದಿನ ನೀರುಣಿಸಬೇಕಾಗಿರುವುದರಿಂದ, ಬಾವಿ ಕೆರೆಗಳು ಬತ್ತುವ ಮೊದಲೇ ಆ ಹಂತ ಮುಗಿಸಿಕೊಳ್ಳುತ್ತಾರೆ.